ಮರದ ರೆಕ್ಕೆ, ಲೋಹದ ರೆಕ್ಕೆ

ಮಳೆಗಾಲ ಹಿಡಿದು ಕೆಲವೇ ವಾರ ಕಳೆಯುವಷ್ಟರಲ್ಲಿ ಇಸಳೂರಿನ ಕಡೆಯ ಮನೆಗಳ ಬಾಗಿಲುಗಳು ತೇವವುಂಡು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುವುದನ್ನು ಕಂಡವರಿಗೆ, ಮರವು ಎಷ್ಟೇ ಒಣಗಿ ನಯವಾಗಿದ್ದರೂ ಋತುವಿಗೆ ಅಧೀನವಾದ ವಸ್ತುವೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲನೆಯ ಮಹಾಯುದ್ಧದ ಯುದ್ಧವಿಮಾನಗಳಲ್ಲಿ ಬಹುಪಾಲು ಇಂಥ ಮರದ ಹಂದರಕ್ಕೆ ಬಟ್ಟೆ ಹೊದಿಸಿ, ತಂತಿಗಳಿಂದ ಬಿಗಿದು ಕಟ್ಟಿದವೇ ಆಗಿದ್ದವು. ಉಷ್ಣದೇಶಗಳ ಬಿಸಿಲು ಮಳೆಗಳಲ್ಲಿ ಅವುಗಳ ಅಂಟು ಸಡಿಲುತ್ತಿತ್ತು, ಹಲಗೆ ಸೊಟ್ಟಗಾಗುತ್ತಿತ್ತು, ಬಟ್ಟೆ ಜೀರ್ಣವಾಗುತ್ತಿತ್ತು.

ಜರ್ಮನಿಯ ಹ್ಯೂಗೋ ಯುಂಕರ್ಸ್ 1915ರಲ್ಲಿ ಉಕ್ಕಿನ ತಗಡಿನ ವಿಮಾನವನ್ನು ಹಾರಿಸಿದನಾದರೂ ಅದರ ಭಾರ ಅತಿಯಾಗಿತ್ತು. ಆ ತೊಡಕಿಗೆ ಪರಿಹಾರ ದೊರೆತದ್ದು ಅದಕ್ಕೆ ಮೊದಲೇ ಆಲ್ಫ್ರೆಡ್ ವಿಲ್ಮ್ ಎಂಬ ಲೋಹತಜ್ಞನು ಕಂಡುಹಿಡಿದಿದ್ದ ಡ್ಯೂರಾಲ್ಯುಮಿನ್ ಎಂಬ ಮಿಶ್ರಲೋಹದಲ್ಲಿ. ಅಲ್ಯೂಮಿನಿಯಮ್‌ಗೆ ಶೇಕಡಾ 4ರಷ್ಟು ತಾಮ್ರವನ್ನೂ ಅಲ್ಪಪ್ರಮಾಣದ ಮೆಗ್ನೀಸಿಯಮನ್ನೂ ಬೆರೆಸಿ, ಕಾಯಿಸಿ, ಥಟ್ಟನೆ ತಣಿಸಿದರೆ ಅದು ಮೊದಲು ಮೆತ್ತಗಿದ್ದು, ಸುಮ್ಮನೆ ಇರಿಸಿದಷ್ಟಕ್ಕೇ ದಿನಗಳುರುಳಿದಂತೆ ತಾನಾಗಿ ಗಟ್ಟಿಯಾಗುತ್ತದೆ. ಈ ಗುಣದಿಂದಾಗಿ ಕಾರ್ಖಾನೆಯಲ್ಲಿ ರಿವೆಟ್ಟುಗಳನ್ನು ಕಾಯಿಸಿ ತಣಿಸಿದೊಡನೆ ಹಿಮಪೆಟ್ಟಿಗೆಯಲ್ಲಿ ಇಟ್ಟು, ಬೇಕಾದಾಗ ಹಿಡಿಯಷ್ಟನ್ನು ಹೊರತೆಗೆದು, ಗಟ್ಟಿಯಾಗುವ ಮುನ್ನವೇ ಬಡಿಯಬೇಕು. ತಗಡಿನ ಈಚೆಯಿಂದ ಒಬ್ಬನು ಹೊಡೆಯುತ್ತಿರಲು ಆಚೆಯಿಂದ ಇನ್ನೊಬ್ಬನು ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿದಿರಬೇಕು. ಇಬ್ಬರ ಕೈಗಳೂ ಹೊಂದದಿದ್ದರೆ ಹೊಲಿಗೆ ಕೆಟ್ಟಿತೆಂದೇ ಅರ್ಥ. ಬಡಗಿಯ ವಿದ್ಯೆಯಾಗಿದ್ದ ವಿಮಾನನಿರ್ಮಾಣವು ಹೀಗೆ ಲೋಹಶಾಸ್ತ್ರದ ವಿದ್ಯೆಯಾಯಿತು. ಹೊದಿಕೆಯಾಗಿದ್ದ ತಗಡು ಕ್ರಮೇಣ ತಾನೇ ಭಾರ ಹೊರುವ ಅಂಗವಾಯಿತು. 1934ರಲ್ಲಿ ಅಮೆರಿಕದ ಸೇನೆಗೆ ಸೇರಿದ ಮಾರ್ಟಿನ್ ಬಿ-10 ಎಂಬ ಸರ್ವಲೋಹದ ಬಾಂಬರು ಆ ಕಾಲದ ಎಷ್ಟೋ ಫೈಟರುಗಳನ್ನು ವೇಗದಲ್ಲಿ ಹಿಂದಿಕ್ಕಿತು.

ಭಾರತದ ಪಾಲಿಗೆ ಬಂದದ್ದೇನು? 1932ರಲ್ಲಿ ಸ್ಥಾಪಿತವಾಗಿ, 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ತನ್ನ ಮೊದಲ ಸ್ಕ್ವಾಡ್ರನ್ನನ್ನು ಕಂಡ ನಮ್ಮ ವಾಯುಪಡೆಗೆ ದೊರೆತದ್ದು ನಾಲ್ಕು ವಾಪಿಟಿ ವಿಮಾನಗಳು: ಹಂದರ ಲೋಹದ್ದು, ಹೊದಿಕೆ ಬಟ್ಟೆಯದು, ರೆಕ್ಕೆ ಎರಡು ಅಂತಸ್ತಿನದು. 1939ರಲ್ಲಿ ಯುದ್ಧ ಹೊತ್ತಿದಾಗಲೂ ಇದ್ದದ್ದು ಒಂದೇ ಸ್ಕ್ವಾಡ್ರನ್. ಪರಾಧೀನ ದೇಶದ ಸೇನೆಗೆ ಹಳತೇ ಸಾಕೆಂಬ ಆಳುವವರ ಧೋರಣೆಯನ್ನು ನೆನೆದಾಗ ಇಂದಿಗೂ ಮನಸ್ಸು ಕುದಿಯುತ್ತದೆ.

ಆ ಕೊರತೆಯನ್ನು ನೀಗುವ ಯತ್ನ ನಡೆದದ್ದು ಕನ್ನಡದ ನೆಲದಲ್ಲಿ. ಚೀನಾಕ್ಕೆ ವಿಮಾನ ಒದಗಿಸುತ್ತಿದ್ದ ಅಮೆರಿಕದ ವಿಲಿಯಂ ಪಾಲಿಯ ಪರಿಚಯವಾದ ವಾಲಚಂದ್ ಹೀರಾಚಂದರು, ದಿವಾನ್ ಮಿರ್ಜಾ ಇಸ್ಮಾಯಿಲರ ಆಡಳಿತದಲ್ಲಿದ್ದ ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರ್ 23ರಂದು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಸಂಸ್ಥೆಯನ್ನು ಸ್ಥಾಪಿಸಿದರು. ಮರುವರ್ಷವೇ ಅಲ್ಲಿ ಜೋಡಿಸಿದ ಹಾರ್ಲೋ ತರಬೇತಿ ವಿಮಾನವೂ, 1942ರ ಜುಲೈಯಲ್ಲಿ ಗಂಟೆಗೆ 300 ಮೈಲಿಗೂ ಮೀರಿದ ವೇಗದ ಕರ್ಟಿಸ್ ಹಾಕ್ ಫೈಟರೂ ಹಾರಿದವು, ಎರಡೂ ಸರ್ವಲೋಹದವು. ಬಿಡಿಭಾಗಗಳು ಅಮೆರಿಕದವಾದರೂ ಜೋಡಿಸಿದ ಕೈಗಳು ಇಲ್ಲಿಯವೆಂಬುದನ್ನು ಮರೆಯಲಾಗದು. ಯುದ್ಧದ ಒತ್ತಡದಲ್ಲಿ ಭಾರತ ಸರ್ಕಾರ ಸಂಸ್ಥೆಯ ಆಡಳಿತವನ್ನು ವಹಿಸಿಕೊಂಡಿತು. ನಿರ್ಮಾಣ ಹಿಂದೆ ಸರಿದು ದುರಸ್ತಿಯೇ ಮುಖ್ಯ ಕೆಲಸವಾಯಿತು.

ದುರಸ್ತಿಯನ್ನು ಕೀಳೆಂದು ಎಣಿಸುವವರು ಲಿಬರೇಟರುಗಳ ಕಥೆಯನ್ನು ಕೇಳಬೇಕು. ಯುದ್ಧ ಮುಗಿದ ಮೇಲೆ ಈ ನಾಲ್ಕು ಎಂಜಿನುಗಳ ಬಾಂಬರುಗಳನ್ನು ಬೇರಾರೂ ಬಳಸದಂತೆ ಬೇಕೆಂದೇ ಕೆಡಿಸಿ ಕಾನ್ಪುರದಲ್ಲಿ ಬಿಟ್ಟುಹೋಗಿದ್ದರು. ಮಳೆ ಬಿಸಿಲುಗಳಲ್ಲಿ ಬಯಲಲ್ಲೇ ನಿಂತಿದ್ದ ಅವುಗಳನ್ನು ಹಾರುವಷ್ಟರ ಮಟ್ಟಿಗೆ ಸರಿಪಡಿಸಿಕೊಂಡು, ಜಮ್‌ಶೆಡ್ ಮುನ್ಷಿ ಎಂಬ ವೈಮಾನಿಕರು ಒಂದೊಂದಾಗಿ ಬೆಂಗಳೂರಿಗೆ ಹಾರಿಸಿ ತಂದರು. ಇಲ್ಲಿಯ ಕೆಲಸಗಾರರು 40ಕ್ಕೂ ಹೆಚ್ಚು ವಿಮಾನಗಳಿಗೆ ಮರುಜೀವ ಕೊಟ್ಟರು. 1948ರಿಂದ ಸ್ವತಂತ್ರ ಭಾರತದ ಭಾರಿ ಬಾಂಬರ್ ಬಲವೆಂದರೆ ಅವೇ ಆಗಿದ್ದವು. ಮರದವಾಗಿದ್ದಲ್ಲಿ ಕಾನ್ಪುರದ ಮಳೆಗೇ ಅವು ಮಣ್ಣಾಗುತ್ತಿದ್ದವು.

ಹಾಗೆ ಪಳಗಿದ ಕೈಗಳಿಗೆ ಸ್ವಂತ ವಿನ್ಯಾಸವೊಂದು ಬೇಕಾಗಿತ್ತು. ಅದನ್ನು ಒದಗಿಸಿದವರು, ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿಮಾನವಿದ್ಯೆಯ ವಿಭಾಗವನ್ನು ಕಟ್ಟಿದ ಡಾ. ವಿ. ಎಂ. ಘಾಟಗೆಯವರು. 1951ರಲ್ಲಿ ಬೆಂಗಳೂರಿನಲ್ಲಿ ಹಾರಿದ ಅವರ ಎಚ್‌ಟಿ-2, ಏಕರೆಕ್ಕೆಯ ಸರ್ವಲೋಹ ತರಬೇತಿ ವಿಮಾನವಾಗಿ, ಮುಂದೆ ಹಲವು ದಶಕಗಳ ಕಾಲ ನಮ್ಮ ವೈಮಾನಿಕರಿಗೆ ಹಾರಾಟದ ಓನಾಮವನ್ನು ಕಲಿಸಿತು. ಹೊಸದಾಗಿ ಸ್ವತಂತ್ರವಾದ ಘಾನಾ ತನ್ನ ವಾಯುಪಡೆಯನ್ನು ಕಟ್ಟಹೊರಟಾಗ ಅಲ್ಲಿಗೂ ಹೋಯಿತು.