ಅಗ್ಗದ ಪೆಟ್ರೋಲಿನಿಂದ ಎಂಜಿನ್ ಕೆಡುತ್ತದೆಯೇ?

ಪೆಟ್ರೋಲ್ ಬಂಕಿನ ಬೋರ್ಡಿನಲ್ಲಿ ಎರಡು ದರಗಳು ಅಕ್ಕಪಕ್ಕದಲ್ಲೇ ಇರುತ್ತವೆ. ಒಂದು ಸಾದಾ ಪೆಟ್ರೋಲಿನದು, ಇನ್ನೊಂದು ಅದಕ್ಕಿಂತ ಲೀಟರಿಗೆ ಏಳೆಂಟು ರೂಪಾಯಿ ಹೆಚ್ಚಿನ ಪ್ರೀಮಿಯಂ ಪೆಟ್ರೋಲಿನದು. ಹೊಸ ಕಾರು ಕೊಂಡವರ ಮನಸ್ಸು ಅಲ್ಲಿ ಒಂದು ಕ್ಷಣ ಹೊಯ್ದಾಡುತ್ತದೆ. ಅಷ್ಟೊಂದು ಲಕ್ಷ ಸುರಿದು ತಂದ ಗಾಡಿಗೆ ಏಳು ರೂಪಾಯಿ ಉಳಿಸಲು ಹೋಗಿ ಕಳಪೆ ಮಾಲು ಹಾಕಿಸುತ್ತಿದ್ದೇವೆಯೇ ಎಂಬ ಅಳುಕು ಅದು. ಬೆಲೆ ಹೆಚ್ಚಿದ್ದರೆ ಗುಣವೂ ಹೆಚ್ಚೇ ಇರಬೇಕು ಎಂಬ ನಂಬಿಕೆ ಇದರ ಬುಡದಲ್ಲಿದೆ. ಅಕ್ಕಿ, ಬಟ್ಟೆಗಳ ಮಟ್ಟಿಗೆ ಈ ನಂಬಿಕೆ ಅಷ್ಟಿಷ್ಟು ನಿಜ. ಪೆಟ್ರೋಲಿನ ಮಟ್ಟಿಗೆ ಅದು ದಾರಿ ತಪ್ಪಿಸುತ್ತದೆ. ಪೆಟ್ರೋಲು ಎಂಜಿನ್ನನ್ನು ಕೆಡಿಸಬಲ್ಲದು, ಅದರಲ್ಲಿ ಅನುಮಾನವಿಲ್ಲ. ಆದರೆ ಕೇಡು ಬರುವ ದಾರಿಗಳು ಬೇರೆ. ಅವುಗಳಲ್ಲಿ ಒಂದೂ ದರದ ಬೋರ್ಡಿನಲ್ಲಿ ಕಾಣುವುದಿಲ್ಲ.

ಮೊದಲು ಬೆಲೆ ಎಲ್ಲಿಂದ ಹುಟ್ಟುತ್ತದೆ ಎಂದು ನೋಡಬೇಕು. ಪೆಟ್ರೋಲು ಇನ್ನೂ ಜಿಎಸ್‌ಟಿಯೊಳಗೆ ಬಂದಿಲ್ಲ. ಕೇಂದ್ರದ ಅಬಕಾರಿ ಸುಂಕದ ಮೇಲೆ ಪ್ರತಿ ರಾಜ್ಯವೂ ತನ್ನ ಮಾರಾಟ ತೆರಿಗೆಯನ್ನು ಹೇರುತ್ತದೆ. 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಈ ತೆರಿಗೆಯನ್ನು ಶೇ. 25.92ರಿಂದ ಶೇ. 29.84ಕ್ಕೆ ಏರಿಸಿದಾಗ ಪೆಟ್ರೋಲು ಲೀಟರಿಗೆ ಸುಮಾರು ಮೂರು ರೂಪಾಯಿ ತುಟ್ಟಿಯಾಯಿತು. ಟ್ಯಾಂಕಿಗೆ ಬಿದ್ದ ದ್ರವ ಮಾತ್ರ ಹಿಂದಿನ ದಿನದ್ದೇ. ತಲಪಾಡಿಯ ಗಡಿ ದಾಟಿ ಕಾಸರಗೋಡಿನ ವಾಹನಗಳು ಈಚೆಗೆ ಬಂದು ಟ್ಯಾಂಕ್ ತುಂಬಿಸಿಕೊಳ್ಳುವುದೂ, ಕಾರವಾರದವರು ಗೋವಾ ಕಡೆ ಹೋದಾಗ ಅಲ್ಲೇ ತುಂಬಿಸಿಕೊಳ್ಳುವುದೂ ತೆರಿಗೆಯ ವ್ಯತ್ಯಾಸಕ್ಕಾಗಿಯೇ ಹೊರತು ಗುಣದ ವ್ಯತ್ಯಾಸಕ್ಕಲ್ಲ. ಕಂಪನಿ ಬದಲಾದರೂ ಮೂಲ ಪೆಟ್ರೋಲು ಬದಲಾಗಬೇಕೆಂದಿಲ್ಲ. ಮಂಗಳೂರಿನ ಎಂ.ಆರ್.ಪಿ.ಎಲ್. ಸಂಸ್ಕರಣಾಗಾರದಿಂದ ಹಾಸನದ ಮೂಲಕ ಬೆಂಗಳೂರಿನ ಹತ್ತಿರದ ದೇವನಗೊಂದಿಯವರೆಗೆ ಸುಮಾರು 360 ಕಿಲೋಮೀಟರ್ ಉದ್ದದ ಪೈಪ್‌ಲೈನ್ ಹರಿದಿದೆ. ತೈಲ ಕಂಪನಿಗಳು ಒಂದರ ಸಂಸ್ಕರಣಾಗಾರದ ಮಾಲನ್ನು ಇನ್ನೊಂದು ಎತ್ತಿಕೊಂಡು ತಮ್ಮ ತಮ್ಮ ಬಂಕುಗಳಿಗೆ ಕಳಿಸುವುದು ಈ ವ್ಯಾಪಾರದಲ್ಲಿ ದಿನನಿತ್ಯದ ಸಂಗತಿ. ಯಾರು ಮಾರಿದರೂ ಅದು ಭಾರತೀಯ ಮಾನಕ ಬ್ಯೂರೋ ಗೊತ್ತುಪಡಿಸಿದ ಮಟ್ಟವನ್ನು ಮುಟ್ಟಲೇಬೇಕು. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಗೆ ಬಂದು ಗಂಧಕದ ಮಿತಿ ಹತ್ತು ಲಕ್ಷ ಭಾಗಕ್ಕೆ 50ರಿಂದ 10ಕ್ಕೆ ಇಳಿದಾಗ, ಆ ಲಾಭ ಬೋರ್ಡಿನ ಅತಿ ಕಡಿಮೆ ದರದ ಪೆಟ್ರೋಲಿಗೂ ಸಿಕ್ಕಿತು.

ಹಾಗಾದರೆ ದುಬಾರಿ ಪೆಟ್ರೋಲಿನಲ್ಲಿ ಹೆಚ್ಚಿಗೆ ಇರುವುದೇನು? ಮುಖ್ಯವಾಗಿ ಆಕ್ಟೇನ್ ಸಂಖ್ಯೆ. ಹೆಚ್ಚಿನ ತಪ್ಪು ತಿಳಿವಳಿಕೆ ಹುಟ್ಟುವುದೂ ಇಲ್ಲೇ. ಆಕ್ಟೇನ್ ಎಂಬುದು ಪೆಟ್ರೋಲಿನ ಶಕ್ತಿಯ ಅಳತೆಯಲ್ಲ, ಶುದ್ಧತೆಯ ಅಳತೆಯೂ ಅಲ್ಲ; ಅದು ತಾಳ್ಮೆಯ ಅಳತೆ. ಎಂಜಿನ್ನಿನೊಳಗೆ ಪಿಸ್ಟನ್ ಮೇಲೇರುತ್ತ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒತ್ತುತ್ತದೆ, ಒತ್ತಿದ ಮಿಶ್ರಣ ಕಾಯುತ್ತದೆ. ಆಗ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದರೆ ಉರಿ ಒಂದು ತುದಿಯಿಂದ ಇನ್ನೊಂದು ತುದಿಗೆ ಕ್ರಮವಾಗಿ ಹಬ್ಬಿ ಪಿಸ್ಟನ್ನನ್ನು ಕೆಳಗೆ ನೂಕಬೇಕು. ಆದರೆ ಉರಿ ತಲುಪುವ ಮೊದಲೇ ದೂರದ ಮೂಲೆಯ ಮಿಶ್ರಣ ಒತ್ತಡಕ್ಕೂ ಬಿಸಿಗೂ ತಾಳಲಾರದೆ ತಾನೇ ತಾನಾಗಿ ಹೊತ್ತಿಕೊಂಡರೆ ಆಘಾತದ ಅಲೆಯೊಂದು ಲೋಹಕ್ಕೆ ಬಡಿಯುತ್ತದೆ. ಶಿರಾಡಿ ಘಾಟಿಯಂಥ ಏರಿನಲ್ಲಿ ಮೇಲಿನ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿದಾಗ ಕೇಳುವ ಟಕಟಕ ಸದ್ದು ಅದೇ. ಇದನ್ನು ನಾಕಿಂಗ್ ಎನ್ನುತ್ತಾರೆ. ಉರಿಯ ಬಿಸಿ ನೇರವಾಗಿ ತಾಕದಂತೆ ಪಿಸ್ಟನ್ನಿನ ತಲೆಯನ್ನು ಕಾಯುವ ಅನಿಲದ ತೆಳುಪದರವೊಂದಿರುತ್ತದೆ, ಈ ಅಲೆ ಅದನ್ನೇ ಹರಿದುಹಾಕುತ್ತದೆ. ಹೀಗೆ ಬಹುಕಾಲ ನಡೆದರೆ ಲೋಹದಲ್ಲಿ ಸಣ್ಣ ಸಣ್ಣ ಗುಳಿ ಬೀಳುತ್ತವೆ, ಕೊನೆಗೆ ಪಿಸ್ಟನ್ನೇ ಒಡೆಯಬಹುದು.

ಈ ತಾಳ್ಮೆಯನ್ನು ಅಳೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಿದರೆ ಸಂಖ್ಯೆಯ ಅರ್ಥ ತಿಳಿಯಾಗುತ್ತದೆ. 1920ರ ದಶಕದಲ್ಲಿ ಅಮೆರಿಕದ ರಸಾಯನ ವಿಜ್ಞಾನಿ ಗ್ರಹಾಂ ಎಡ್ಗರ್ ಎರಡು ದ್ರವಗಳನ್ನು ಅಳತೆಗೋಲಾಗಿ ಆರಿಸಿಕೊಂಡರು. ನಾಕಿಂಗನ್ನು ಚೆನ್ನಾಗಿ ತಡೆಯುವ ಐಸೋ-ಆಕ್ಟೇನಿಗೆ 100, ಬೇಗ ನಾಕಿಂಗಿಗೆ ಬೀಳುವ ಹೆಪ್ಟೇನಿಗೆ 0. ಇಂದಿಗೂ ಪ್ರಯೋಗಾಲಯಗಳಲ್ಲಿ ಒಂದೇ ಸಿಲಿಂಡರಿನ ವಿಶೇಷ ಎಂಜಿನ್ ಇದೆ. ಅದು ಓಡುತ್ತಿರುವಾಗಲೇ ಸಿಲಿಂಡರನ್ನು ಮೇಲೆ ಕೆಳಗೆ ಸರಿಸಿ ಒತ್ತಡದ ಪ್ರಮಾಣವನ್ನು ಹೆಚ್ಚು ಕಡಿಮೆ ಮಾಡಬಹುದು. ಪರೀಕ್ಷೆಗೆ ಬಂದ ಪೆಟ್ರೋಲನ್ನು ನಿಮಿಷಕ್ಕೆ 600 ಸುತ್ತಿನ ವೇಗದಲ್ಲಿ ಉರಿಸಿ ಅದು ನಾಕಿಂಗಿಗೆ ಬೀಳುವ ಹಂತವನ್ನು ಗುರುತಿಸುತ್ತಾರೆ. ಆಮೇಲೆ ಅಷ್ಟೇ ನಾಕಿಂಗ್ ಕೊಡುವ ಎರಡು ದ್ರವಗಳ ಬೆರಕೆ ಯಾವುದೆಂದು ನೋಡುತ್ತಾರೆ. ನೂರರಲ್ಲಿ 91 ಪಾಲು ಐಸೋ-ಆಕ್ಟೇನ್, 9 ಪಾಲು ಹೆಪ್ಟೇನ್ ಇರುವ ಬೆರಕೆಗೆ ಸಮನಾಗಿ ನಡೆದುಕೊಂಡ ಪೆಟ್ರೋಲಿಗೆ 91 ಎಂಬ ಸಂಖ್ಯೆ ಸಿಗುತ್ತದೆ. ಇದು ರಿಸರ್ಚ್ ಆಕ್ಟೇನ್ ಸಂಖ್ಯೆ. ಅಮೆರಿಕದ ಬಂಕುಗಳಲ್ಲಿ ಇನ್ನೂ ಕಠಿಣವಾದ ಮತ್ತೊಂದು ಪರೀಕ್ಷೆಯ ಫಲವನ್ನೂ ಸೇರಿಸಿ ಸರಾಸರಿ ಬರೆಯುತ್ತಾರೆ. ಹಾಗಾಗಿ ಅಲ್ಲಿ ನೆಲೆಸಿದ ಕನ್ನಡಿಗರು ಕಾಣುವ 87 ನಮ್ಮ 91ರಿಂದ 92ಕ್ಕೆ ಹೆಚ್ಚು ಕಡಿಮೆ ಸಮ, ಅಲ್ಲಿಯದು ಕೀಳು ಪೆಟ್ರೋಲೇನೂ ಅಲ್ಲ. ಆಕ್ಟೇನ್ ಏರಿಸಿದ ಮಾತ್ರಕ್ಕೆ ಪೆಟ್ರೋಲು ಒಳ್ಳೆಯದಾಗುವುದಿಲ್ಲ ಎನ್ನಲು ಇತಿಹಾಸವೇ ಸಾಕ್ಷಿ. 1921ರಲ್ಲಿ ನಾಕಿಂಗ್ ತಡೆಯಬಲ್ಲದೆಂದು ಥಾಮಸ್ ಮಿಜ್ಲಿ ಕಂಡುಕೊಂಡ ಸೀಸದ ಸಂಯುಕ್ತ ಆಕ್ಟೇನನ್ನು ಬಲು ಅಗ್ಗವಾಗಿ ಏರಿಸಿತು, ಜೊತೆಗೆ ದಶಕಗಳ ಕಾಲ ಊರೂರಿನ ಗಾಳಿಗೆ ವಿಷ ಬೆರೆಸಿತು. ಭಾರತ ಅದರಿಂದ ಪೂರ್ತಿ ಬಿಡಿಸಿಕೊಂಡದ್ದು 2000ದಲ್ಲಿ.

ಎಂಜಿನ್ನಿಗೆ ಎಷ್ಟು ಆಕ್ಟೇನ್ ಬೇಕೆಂಬುದು ಅದನ್ನು ರೂಪಿಸುವಾಗಲೇ ತೀರ್ಮಾನವಾಗಿರುತ್ತದೆ. ಮಿಶ್ರಣವನ್ನು ಹೆಚ್ಚು ಒತ್ತುವ ಎಂಜಿನ್ನುಗಳಿಗೆ, ಟರ್ಬೊ ಇರುವ ಕೆಲವಕ್ಕೆ, ಹೆಚ್ಚು ತಾಳ್ಮೆಯ ಪೆಟ್ರೋಲು ಬೇಕಾಗುತ್ತದೆ. ಟ್ಯಾಂಕಿನ ಮುಚ್ಚಳದ ಒಳಬದಿಯಲ್ಲಿ ಅಥವಾ ಗಾಡಿಯ ಜೊತೆ ಬರುವ ಕೈಪಿಡಿಯಲ್ಲಿ ಆ ಸಂಖ್ಯೆ ಇರುತ್ತದೆ. 95 ಬೇಕು ಎಂದು ಅಲ್ಲಿದ್ದರೆ ಅದನ್ನೇ ಹಾಕಿಸಬೇಕು, ಈ ವಿಷಯದಲ್ಲಿ ಚೌಕಾಸಿ ಸಲ್ಲದು. ಆದರೆ ನಮ್ಮಲ್ಲಿ ಮಾರಾಟವಾಗುವ ಬಹುತೇಕ ಸಣ್ಣ ಕಾರು, ಸ್ಕೂಟರು, ಬೈಕುಗಳು ಸಾದಾ ಪೆಟ್ರೋಲಿಗೆಂದೇ ರೂಪಿಸಿದವು. ತಡೆಯಬೇಕಾದ ನಾಕಿಂಗೇ ಇಲ್ಲದ ಕಡೆ ಅದನ್ನು ತಡೆಯುವ ಗುಣಕ್ಕೆ ಕೆಲಸವಿಲ್ಲ. "ಪ್ರೀಮಿಯಂ ಹಾಕಿಸಿದ ಮೇಲೆ ಪಿಕಪ್ ಚೆನ್ನಾಗಿದೆ" ಎನ್ನುವವರ ಅನುಭವವನ್ನು ಸುಳ್ಳೆಂದು ತಳ್ಳಿಹಾಕಬೇಕಿಲ್ಲ. ಇಂದಿನ ಹಲವು ಕಾರುಗಳಲ್ಲಿ ನಾಕ್ ಸೆನ್ಸರ್ ಇದೆ. ಟಕಟಕ ಕಂಪನ ಗೊತ್ತಾದೊಡನೆ ಕಂಪ್ಯೂಟರು ಕಿಡಿ ಹಾರುವುದನ್ನು ತುಸು ತಡಮಾಡುತ್ತದೆ. ಎಂಜಿನ್ ಉಳಿಯುತ್ತದೆ, ಬಲ ಸ್ವಲ್ಪ ಇಳಿಯುತ್ತದೆ. ಇಂಥ ಗಾಡಿಗೆ ಬಿರುಬಿಸಿಲಿನ ಏರಿನಲ್ಲಿ ಹೆಚ್ಚಿನ ಆಕ್ಟೇನ್ ಸಿಕ್ಕರೆ ಇಳಿದ ಬಲ ಮರಳಬಹುದು. ಅದು ಮೊದಲೇ ಗಾಡಿಯದಾಗಿದ್ದ ಬಲ, ಪೆಟ್ರೋಲು ಹೊಸದಾಗಿ ತಂದು ಕೊಟ್ಟದ್ದಲ್ಲ.

ಈ ಮಾತನ್ನು ಪರೀಕ್ಷೆ ಮಾಡಿಯೂ ನೋಡಿದ್ದಾರೆ. ಅಮೆರಿಕದ ವಾಹನ ಮಾಲೀಕರ ಸಂಘ ಎಎಎ 2016ರಲ್ಲಿ ಸಾದಾ ಪೆಟ್ರೋಲಿಗೆ ರೂಪಿಸಿದ ನಾಲ್ಕು, ಆರು, ಎಂಟು ಸಿಲಿಂಡರಿನ ಕಾರುಗಳಿಗೆ ಪ್ರೀಮಿಯಂ ಹಾಕಿ ಬಲ, ಮೈಲೇಜ್, ಹೊಗೆ ಮೂರನ್ನೂ ಅಳೆಯಿತು. ಹೇಳಿಕೊಳ್ಳುವಂಥ ವ್ಯತ್ಯಾಸ ಯಾವುದರಲ್ಲೂ ಕಾಣಲಿಲ್ಲ. ಬೇಡದ ಪ್ರೀಮಿಯಂಗೆ ಅಮೆರಿಕನ್ನರು ಒಂದು ವರ್ಷದಲ್ಲಿ 210 ಕೋಟಿ ಡಾಲರ್ ಸುರಿದಿದ್ದಾರೆ ಎಂದು ಸಂಘ ಲೆಕ್ಕ ಹಾಕಿತು. ಮರುವರ್ಷ, ಪ್ರೀಮಿಯಂ ಕಡ್ಡಾಯವಲ್ಲ, ಹಾಕಿದರೆ ಒಳ್ಳೆಯದು ಎಂದು ತಯಾರಕರೇ ಹೇಳಿದ್ದ ಕಾರುಗಳನ್ನು ಪರೀಕ್ಷಿಸಿದಾಗ ಮೈಲೇಜ್ ಸರಾಸರಿ ಶೇ. 2.7ರಷ್ಟು ಹೆಚ್ಚಿತು. ನಮ್ಮ ಲೆಕ್ಕಕ್ಕೆ ಇದನ್ನು ತಂದು ನೋಡೋಣ. ಸಾದಾ ಪೆಟ್ರೋಲಿಗೆ 100 ರೂಪಾಯಿ, ಪ್ರೀಮಿಯಂಗೆ 107 ಎಂದಿಟ್ಟುಕೊಂಡರೆ, ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರು 16 ಕೊಟ್ಟರಷ್ಟೇ ಹಾಕಿದ ದುಡ್ಡು ಹುಟ್ಟುತ್ತದೆ. ಶೇ. 2.7ರ ಲಾಭದಲ್ಲಿ ಅದು 15.4ನ್ನು ದಾಟುವುದಿಲ್ಲ.

ಇಲ್ಲೊಂದು ಗಟ್ಟಿಯಾದ ಆಕ್ಷೇಪವಿದೆ. ಆಕ್ಟೇನ್ ಒತ್ತಟ್ಟಿಗಿರಲಿ, ದುಬಾರಿ ಪೆಟ್ರೋಲಿನಲ್ಲಿ ಎಂಜಿನ್ನನ್ನು ಚೊಕ್ಕಟವಾಗಿಡುವ ರಾಸಾಯನಿಕಗಳು ಇರುತ್ತವಲ್ಲ ಎಂಬುದು. ಈ ಮಾತಿನಲ್ಲಿ ಹುರುಳಿದೆ, ಅದಕ್ಕೆ ಸಾಕ್ಷ್ಯವೂ ಇದೆ. ಅಮೆರಿಕದಲ್ಲಿ 1995ರಿಂದ ಎಲ್ಲ ಪೆಟ್ರೋಲಿನಲ್ಲೂ ಕನಿಷ್ಠ ಪ್ರಮಾಣದ ಶುಚಿಕಾರಕ ಕಡ್ಡಾಯ. ಅದು ಸಾಲದೆಂದು ಕೆಲವು ಕಾರು ಕಂಪನಿಗಳು 2004ರಲ್ಲಿ 'ಟಾಪ್ ಟಿಯರ್' ಎಂಬ ಮೇಲ್ಮಟ್ಟವನ್ನು ಗೊತ್ತುಮಾಡಿದವು. ಎಎಎ 2016ರಲ್ಲೇ ನಡೆಸಿದ ಇನ್ನೊಂದು ಪರೀಕ್ಷೆಯಲ್ಲಿ, ಸುಮಾರು 6,400 ಕಿಲೋಮೀಟರ್ ಓಟಕ್ಕೆ ಸಮನಾದ ಅವಧಿಯ ಕೊನೆಗೆ, ಈ ಮಟ್ಟವಿಲ್ಲದ ಪೆಟ್ರೋಲು ಒಳಗಟ್ಟಿಸಿದ ಮಸಿ ಸರಾಸರಿ 19 ಪಟ್ಟು ಹೆಚ್ಚಿತ್ತು. ಕವಾಟದ ಬೆನ್ನಿಗೆ ಹೀಗೆ ಮೆತ್ತಿಕೊಂಡ ಕರಿ ಸ್ಪಂಜಿನಂತೆ ಪೆಟ್ರೋಲನ್ನು ಹೀರಿ, ಬೇಡದ ಹೊತ್ತಿಗೆ ಬಿಡುತ್ತದೆ. ತಣ್ಣಗಿನ ಎಂಜಿನ್ ಎಳೆದಾಡುವುದಕ್ಕೆ, ಮೈಲೇಜ್ ಕುಸಿಯುವುದಕ್ಕೆ ಇದೂ ಒಂದು ಕಾರಣ. ಅಗ್ಗದ ಪೆಟ್ರೋಲಿನ ವಿರುದ್ಧ ಇರುವ ಅತಿ ಬಲವಾದ ವಾದ ಇದು. ಆದರೆ ಟಾಪ್ ಟಿಯರ್ ಮಟ್ಟ ಒಪ್ಪಿದ ಕಂಪನಿ ತನ್ನ ಅತಿ ಅಗ್ಗದ ದರ್ಜೆಯಲ್ಲೂ ಅಷ್ಟೇ ಶುಚಿಕಾರಕ ಬೆರೆಸಬೇಕು. ಅಲ್ಲಿ ಆ ಪೆಟ್ರೋಲಿಗೂ ಉಳಿದದ್ದಕ್ಕೂ ಇದ್ದ ಬೆಲೆಯ ಅಂತರ ಗ್ಯಾಲನ್‌ಗೆ ಸರಾಸರಿ ಮೂರು ಸೆಂಟ್ ಮಾತ್ರ. ಎಂದರೆ ಚೊಕ್ಕಟತನ ದುಬಾರಿಯ ಸರಕೇ ಅಲ್ಲ. ನಮ್ಮಲ್ಲಿ ಆಕ್ಟೇನನ್ನೂ ಶುಚಿಕಾರಕವನ್ನೂ ಒಂದೇ ಪೊಟ್ಟಣದಲ್ಲಿ ಕಟ್ಟಿ ಒಂದೇ ಬೆಲೆಗೆ ಮಾರುತ್ತಾರೆ, ಗಿರಾಕಿ ಬೇಕಾದ್ದಷ್ಟನ್ನೇ ಆರಿಸಿಕೊಳ್ಳುವಂತಿಲ್ಲ. ಇದು ಬದಲಾಗಬೇಕು. ಪೆಟ್ರೋಲನ್ನು ಸಿಲಿಂಡರಿನೊಳಕ್ಕೇ ನೇರ ಚಿಮ್ಮಿಸುವ ಹೊಸ ಎಂಜಿನ್ನುಗಳಲ್ಲಿ ಕವಾಟಕ್ಕೆ ಪೆಟ್ರೋಲು ತಾಗುವುದೇ ಇಲ್ಲ. ಅಲ್ಲಿ ಯಾವ ಶುಚಿಕಾರಕವೂ ಕವಾಟವನ್ನು ತೊಳೆಯಲಾರದು, ಇಂಜೆಕ್ಟರನ್ನಷ್ಟೇ ಚೊಕ್ಕಟವಾಗಿಡಬಲ್ಲದು.

ಎಥೆನಾಲ್ ಬಂದ ಮೇಲೆ ಈ ಚರ್ಚೆ ಇನ್ನಷ್ಟು ತಲೆಕೆಳಗಾಗಿದೆ. ಶೇ. 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು ಬೆಂಗಳೂರಿನಲ್ಲೇ, 2023ರ ಫೆಬ್ರುವರಿ 6ರಂದು. ಎಥೆನಾಲಿನ ಆಕ್ಟೇನ್ 108ರಷ್ಟು. ಅದನ್ನು ಬೆರೆಸಿದ ಮೇಲೆ, ಬಿಎಸ್-2 ಕಾಲದಲ್ಲಿ 88 ಇದ್ದ ಸಾದಾ ಪೆಟ್ರೋಲಿನ ಆಕ್ಟೇನ್ ಈಗ 95ಕ್ಕೆ ಏರಿದೆ ಎಂದು ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ಹೇಳಿತು. ಹಾಗಿದ್ದರೂ ಮೈಲೇಜ್ ಇಳಿದಿದೆ ಎಂಬ ದೂರು ಏಕೆ? ಏಕೆಂದರೆ ಎಥೆನಾಲಿನಲ್ಲಿ ಶಾಖಶಕ್ತಿ ಲೀಟರಿಗೆ ಸುಮಾರು ಮೂರನೇ ಒಂದು ಪಾಲು ಕಡಿಮೆ. ತಾಳ್ಮೆ ಹೆಚ್ಚಿತು, ಕಸುವು ಕಡಿಮೆಯಾಯಿತು. ಎರಡೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. ಎಥೆನಾಲ್ ಇಲ್ಲದ ಪೆಟ್ರೋಲಿಗೆ ರೂಪಿಸಿ ಶೇ. 10ರ ಬೆರಕೆಗೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ಶೇ. 6-7ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಹಳೆಯ ಗಾಡಿಗಳ ರಬ್ಬರ್ ಕೊಳವೆ, ಸೀಲುಗಳ ಬಗ್ಗೆ ಮಾಲೀಕರಿಗಿರುವ ಕಳವಳವೂ ನ್ಯಾಯವಾದದ್ದೇ. ಆದರೆ ಆ ಕಳವಳಕ್ಕೆ ಉತ್ತರ ಏಳು ರೂಪಾಯಿ ಹೆಚ್ಚಿನ ಪೆಟ್ರೋಲಲ್ಲ. 95 ಎಂದು ಬರೆದುಕೊಂಡ ಮಾತ್ರಕ್ಕೆ ಅದರಲ್ಲಿ ಎಥೆನಾಲ್ ಇಲ್ಲವೆಂದು ಅರ್ಥವಲ್ಲ.

ನಿಜವಾಗಿ ಎಂಜಿನ್ ಕೊಲ್ಲುವುದು ಕಲಬೆರಕೆ. ಸೀಮೆಎಣ್ಣೆಯ ಆಕ್ಟೇನ್ ತೀರ ಕಡಿಮೆ, ಅದು ಪೂರ್ತಿ ಉರಿಯದೆ ಮಸಿ ಬಿಡುತ್ತದೆ. ಇಂಥ ಮಾಲು ಕಡಿಮೆ ದರದ ಬೋರ್ಡಿನ ಕೆಳಗೆ ಮಾರಾಟವಾಗುವುದಿಲ್ಲ, ಪೂರ್ತಿ ದರಕ್ಕೇ ಹೋಗುತ್ತದೆ. ಮೋಸದ ಲಾಭವಿರುವುದೇ ಅಲ್ಲಿ. ಕೋಲಾರದ ಚಿನ್ನದ ಗಣಿಯ ಊರಿನಲ್ಲಿ ಬೆಳೆದು ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದ ಮಂಜುನಾಥ್ ಷಣ್ಮುಗಂ ಇಂಡಿಯನ್ ಆಯಿಲ್ ಅಧಿಕಾರಿಯಾಗಿ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕಲಬೆರಕೆಯ ಬಂಕಿಗೆ ಬೀಗಮುದ್ರೆ ಹಾಕಿಸಿದವರು. 2005ರ ನವೆಂಬರ್ 19ರಂದು ಅವರನ್ನು ಗುಂಡಿಕ್ಕಿ ಕೊಂದರು. ಅವರಿಗೆ ಆಗ 27 ವರ್ಷ. ಅವರು ಜೀವ ತೆತ್ತು ಕಾಯ್ದ ಹಕ್ಕನ್ನು ನಾವು ಬಳಸದೇ ಬಿಡುತ್ತಿದ್ದೇವೆ ಎಂಬುದು ನೋವಿನ ಸಂಗತಿ. ಅನುಮಾನ ಬಂದರೆ ಯಾವ ಗಿರಾಕಿಯೂ ಬಂಕಿನಲ್ಲಿ ಫಿಲ್ಟರ್ ಪೇಪರ್ ಕೇಳಬಹುದು. ನಾಜಲ್ಲಿನ ಬಾಯಿ ಒರೆಸಿ ಆ ಕಾಗದದ ಮೇಲೆ ಒಂದು ಹನಿ ಬಿಟ್ಟರೆ ಒಳ್ಳೆಯ ಪೆಟ್ರೋಲು ಎರಡು ನಿಮಿಷದೊಳಗೆ ಆರಿ ಕಲೆ ಉಳಿಸದೆ ಮಾಯವಾಗುತ್ತದೆ. ಸೀಮೆಎಣ್ಣೆ, ಡೀಸೆಲ್ ಬೆರೆತಿದ್ದರೆ ಜಿಡ್ಡಿನ ಕಲೆ ನಿಲ್ಲುತ್ತದೆ. ಎಲ್ಲ ಬಗೆಯ ಕಲಬೆರಕೆಯೂ ಇದರಲ್ಲಿ ಸಿಕ್ಕಿಬೀಳುವುದಿಲ್ಲ. ಆಗ ಸಾಂದ್ರತೆಯ ಅಳತೆಯಿದೆ. 15 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶಕ್ಕೆ ಹೊಂದಿಸಿದ ಸಾಂದ್ರತೆ ಘನ ಮೀಟರಿಗೆ 720ರಿಂದ 775 ಕಿಲೋಗ್ರಾಂ ನಡುವೆ ಇರಬೇಕು. ಟ್ಯಾಂಕರಿನಲ್ಲಿ ಮಾಲು ಬಂದಾಗ ಬಂಕಿನವರು ಬರೆದುಕೊಂಡ ಅಂಕಿಗೂ ಈಗಿನ ಅಳತೆಗೂ 3ಕ್ಕಿಂತ ಹೆಚ್ಚಿನ ಅಂತರವಿದ್ದರೆ ಅಲ್ಲೇ ಪ್ರಶ್ನೆ ಮಾಡಬೇಕು. ಅದಕ್ಕೆ ಬೇಕಾದ ಜಾಡಿ, ಹೈಡ್ರೋಮೀಟರ್, ಥರ್ಮಾಮೀಟರ್ ಬಂಕಿನಲ್ಲೇ ಇರುತ್ತವೆ.