ವಿಷಾದವೂ ಖಿನ್ನತಾರೋಗವೂ

ಭರತನು ವಿಷಾದವನ್ನು 33 ವ್ಯಭಿಚಾರಿಭಾವಗಳಲ್ಲಿ ಎಣಿಸಿದ್ದಾನೆ. ಬಂದು ಹೋಗುವುದೇ ಅದರ ಸ್ವಭಾವ. ಖಿನ್ನತಾರೋಗವಾದರೋ ಬಂದು ನೆಲಸುವಂಥದು. ಮನಸ್ಸು ಕುಗ್ಗುವುದು, ಆಸಕ್ತಿ ಅಳಿಯುವುದು, ಇವೆರಡರಲ್ಲೊಂದು ಇದ್ದೇ ತೀರಬೇಕು. ನಿದ್ರೆ, ಹಸಿವು, ಬಳಲಿಕೆ, ಆತ್ಮನಿಂದೆ, ಮರಣಚಿಂತೆ ಮೊದಲಾದುವು ಸೇರಿ 9 ಲಕ್ಷಣಗಳಲ್ಲಿ 5 ಆದರೂ 2 ವಾರ ಬಹುಮಟ್ಟಿಗೆ ಪ್ರತಿದಿನವೂ ಇದ್ದು ಬಾಳನ್ನು ಬಾಧಿಸಿದರೆ ವೈದ್ಯರು ಅದನ್ನು ರೋಗವೆಂದು ಶಂಕಿಸುವರು.

ಖಾನಾಪುರದಲ್ಲಿ ಹುಟ್ಟಿ ಬೆಳಗಾವಿಯ ನ್ಯಾಯಾಲಯದಲ್ಲಿ ಹೆಸರು ಪಡೆದ ತರುಣ ವಕೀಲನೊಬ್ಬನನ್ನು ಭಾವಿಸಿಕೊಳ್ಳಬಹುದು. ಕೆಲಸವು ಕೆಟ್ಟಿಲ್ಲ, ಆದರೆ ಗೆದ್ದ ಮೊಕದ್ದಮೆಯೂ ಹಿಗ್ಗನ್ನು ತಾರದು. ನಸುಕಿಗೆ ಮುನ್ನವೇ ಎಚ್ಚರ; ಊರಿಗೆ ಹೋಗುವುದೂ ನಿಂತಿದೆ. ಮನೆಯವರು ಇದನ್ನು ದುಡಿಮೆಯ ದಣಿವೆನ್ನುವರು. (ಕಾವ್ಯದ ವಿರಹಿಯು ಇದಕ್ಕಿಂತ ಸುಲಭವಾಗಿ ಗುರುತಿಗೆ ಸಿಕ್ಕುವನು.) ಥೈರಾಯ್ಡ್ ಗ್ರಂಥಿಯ ದೋಷವೂ ಇದೇ ವೇಷವನ್ನು ತಾಳಬಲ್ಲುದಾದಕಾರಣ ರಕ್ತಪರೀಕ್ಷೆಯು ಅವಶ್ಯಕ. ಸಾಯುವ ಯೋಚನೆ ಬರುವುದೇ ಎಂದು ನೇರವಾಗಿ ಕೇಳಲೂಬೇಕು. ಕೇಳಿದರೆ ಆ ಯೋಚನೆಯು ಹುಟ್ಟುವುದೆಂಬ ಭಯವು ನಿರಾಧಾರವಾದುದು.