ಎಂಜಿನ್ನಿಗೆ ತಕ್ಕ ಕ್ರ್ಯಾಂಕುದಂಡ

ಹೊಲಿಗೆಯಂತ್ರದ ಮುಂದೆ ಕುಳಿತ ದರ್ಜಿಯ ಕಾಲುಗಳನ್ನು ನೀವು ಗಮನಿಸಿರಬಹುದು. ಅವು ಕೆಳಗಿನ ಹಲಗೆಯನ್ನು ಹಿಂದಕ್ಕೂ ಮುಂದಕ್ಕೂ ತೂಗುತ್ತವೆ, ಅಷ್ಟೆ. ಆದರೆ ಪಕ್ಕದ ಚಕ್ರವು ದುಂಡಗೆ ತಿರುಗುತ್ತದೆ. ತೂಗಾಟವನ್ನು ತಿರುಗಾಟವನ್ನಾಗಿ ಮಾರ್ಪಡಿಸುವುದು ನಡುವೆ ಇರುವ ಒಂದು ಸೊಟ್ಟ ಕಂಬಿ. ಮೋಟಾರುಗಾಡಿಯ ಎಂಜಿನ್ನಿನಲ್ಲಿ ಇದೇ ಕೆಲಸವನ್ನು ಮಾಡುವ ಭಾಗಕ್ಕೆ ಕ್ರ್ಯಾಂಕುದಂಡವೆಂದು ಹೆಸರು. ಸಿಲಿಂಡರುಗಳಲ್ಲಿ ಇಂಧನ ಉರಿದಾಗ ಪಿಸ್ಟನ್ನುಗಳು ರಭಸದಿಂದ ಕೆಳಗಿಳಿಯುತ್ತವೆ. ಆ ರಭಸವನ್ನು ಸಂಪರ್ಕದಂಡಗಳ ಮೂಲಕ ಪಡೆದು, ತಿರುಗುವ ಶಕ್ತಿಯನ್ನಾಗಿ ಮಾಡಿ ಗಾಡಿಯ ಚಕ್ರಗಳ ಕಡೆಗೆ ಕಳುಹಿಸುವುದೇ ಈ ದಂಡದ ಕರ್ತವ್ಯ.

ದಂಡವು ನೆಲೆಸಿರುವ ಮನೆಯೇ ಬ್ಲಾಕು. ದಂಡದ ಮೈಮೇಲೆ ಕನ್ನಡಿಯಂತೆ ನುಣುಪಾಗಿ ಉಜ್ಜಿದ ದುಂಡು ಭಾಗಗಳಿರುತ್ತವೆ, ಅವನ್ನು ಜರ್ನಲುಗಳೆನ್ನುತ್ತಾರೆ. ನಡುಗೆರೆಯಲ್ಲಿರುವ ಮುಖ್ಯ ಜರ್ನಲುಗಳು ಬ್ಲಾಕಿನ ಬೇರಿಂಗುಗಳಲ್ಲಿ ಕುಳಿತು ತಿರುಗುತ್ತವೆ. ಆ ಗೆರೆಯಿಂದ ಪಕ್ಕಕ್ಕೆ ಸರಿದಿರುವ ಜರ್ನಲುಗಳನ್ನು ಸಂಪರ್ಕದಂಡಗಳು ಹಿಡಿದುಕೊಂಡಿರುತ್ತವೆ. ಜರ್ನಲಿಗೂ ಬೇರಿಂಗಿಗೂ ನಡುವೆ ಇರಬೇಕಾದ ತೆರವು ಸುಮಾರು 0.05 ಮಿಲಿಮೀಟರು; ನಮ್ಮ ತಲೆಗೂದಲಿನ ದಪ್ಪವೂ ಹೆಚ್ಚುಕಡಿಮೆ ಅಷ್ಟೇ. ಆ ತೆರವಿನಲ್ಲಿ ನಿಲ್ಲುವ ಎಣ್ಣೆಯ ಪದರದ ಮೇಲೆ ಇಡೀ ದಂಡವು ತೇಲುತ್ತದೆ.

ಹೊಸ ಎಂಜಿನ್ನಿನಲ್ಲಿ ಯಾವ ದಂಡ ಯಾವ ಬ್ಲಾಕಿಗೆ ಎಂಬ ಪ್ರಶ್ನೆಯೇ ಏಳುವುದಿಲ್ಲ. ಕಾರ್ಖಾನೆಯೇ ಅವೆರಡನ್ನೂ ಕೂಡಿಸಿ ಕಳುಹಿಸಿರುತ್ತದೆ. ಐವತ್ತು ವರ್ಷ ಬಾಳಿದ ಗಾಡಿಯ ದಂಡವು ಸವೆದೋ ಮುರಿದೋ ಹೋಗಿ, ಗುಜರಿಯ ರಾಶಿಯಿಂದ ಬೇರೊಂದನ್ನು ಆರಿಸಬೇಕಾಗಿ ಬಂದಾಗ ತೊಡಕು ಆರಂಭವಾಗುತ್ತದೆ. ಇದಕ್ಕೆ ಅಮೆರಿಕದ ಷೆವರ್ಲೆ ಕಂಪನಿಯ ಎಂಜಿನ್ನುಗಳ ಒಂದು ಮನೆತನವನ್ನೇ ಉದಾಹರಣೆಯಾಗಿ ನೋಡೋಣ.

1955ರ ಮಾದರಿಯ ಕಾರುಗಳಿಗಾಗಿ ಆ ಕಂಪನಿಯು, ಎಡ್ ಕೋಲ್ ಎಂಬ ಎಂಜಿನಿಯರನ ಮುಂದಾಳುತನದಲ್ಲಿ, ಎಂಟು ಸಿಲಿಂಡರುಗಳ ಹೊಸ ಎಂಜಿನ್ನೊಂದನ್ನು ರೂಪಿಸಿತು. ಅದರ ಗಾತ್ರ 265 ಘನ ಅಂಗುಲ. ‘ಸ್ಮಾಲ್ ಬ್ಲಾಕ್’ ಎಂದು ಹೆಸರಾದ ಈ ವಂಶದಲ್ಲಿ 1957ರಲ್ಲಿ 283, 1962ರಲ್ಲಿ 327, 1967ರಲ್ಲಿ 350, 1970ರಲ್ಲಿ 400 ಘನ ಅಂಗುಲದ ಎಂಜಿನ್ನುಗಳು ಹುಟ್ಟಿದವು. ಹೊರಗಿನಿಂದ ನೋಡುವವರಿಗೆ ಇವೆಲ್ಲ ಅವಳಿಜವಳಿ ಮಕ್ಕಳಂತೆಯೇ ಕಾಣುತ್ತವೆ. ವ್ಯತ್ಯಾಸವಿರುವುದು ಒಳಗೆ.

ಎಂಜಿನ್ನಿನ ಗಾತ್ರವನ್ನು ಹಿಗ್ಗಿಸಲು ಎರಡು ದಾರಿಗಳುಂಟು: ಸಿಲಿಂಡರಿನ ವ್ಯಾಸವನ್ನು ಹೆಚ್ಚಿಸುವುದು, ಇಲ್ಲವೆ ಪಿಸ್ಟನ್ನು ಏರಿಳಿಯುವ ದೂರವನ್ನು, ಅಂದರೆ ಸ್ಟ್ರೋಕನ್ನು, ಹೆಚ್ಚಿಸುವುದು. ಎರಡನೆಯದು ಕ್ರ್ಯಾಂಕುದಂಡದ ಕೈಯಲ್ಲಿದೆ. 327 ಮತ್ತು 350 ಎಂಜಿನ್ನುಗಳ ಸಿಲಿಂಡರುಗಳ ವ್ಯಾಸ ಒಂದೇ, 4 ಅಂಗುಲ. ಆದರೆ ಸ್ಟ್ರೋಕು ಮೊದಲನೆಯದರಲ್ಲಿ 3.25 ಅಂಗುಲ, ಎರಡನೆಯದರಲ್ಲಿ 3.48 ಅಂಗುಲ. ದಂಡ ಬದಲಾದರೆ ಎಂಜಿನ್ನಿನ ಹೆಸರೇ ಬದಲಾಗುತ್ತದೆ!

ಇದನ್ನು ಕಂಪನಿಯವರೇ ಒಮ್ಮೆ ಬಲು ಜಾಣತನದಿಂದ ಬಳಸಿಕೊಂಡರು. ಅಮೆರಿಕದಲ್ಲಿ 1966ರಲ್ಲಿ ಆರಂಭವಾದ ಟ್ರಾನ್ಸ್-ಆ್ಯಮ್ ಎಂಬ ಕಾರುಪಂದ್ಯದಲ್ಲಿ ಎಂಜಿನ್ನು 305 ಘನ ಅಂಗುಲವನ್ನು ಮೀರಬಾರದೆಂಬ ನಿಯಮವಿತ್ತು. 327 ದೊಡ್ಡದಾಯಿತು, 283 ಚಿಕ್ಕದಾಯಿತು. ಆಗ 283ರ 3 ಅಂಗುಲ ಸ್ಟ್ರೋಕನ್ನು 327ರ 4 ಅಂಗುಲ ವ್ಯಾಸದ ಬ್ಲಾಕಿಗೆ ಕೂಡಿಸಿದರು. ನೀವು ಗಣಿತದ ತರಗತಿಯಲ್ಲಿ ಕಲಿತ ಸ್ತಂಭದ ಘನಫಲದ ಸೂತ್ರದಿಂದಲೇ ಲೆಕ್ಕ ಹಾಕಿ ನೋಡಿ: ತ್ರಿಜ್ಯ 2, ಎತ್ತರ 3, ಸಿಲಿಂಡರುಗಳು 8, ಉತ್ತರ 301.6. ಇದೇ 1967ರ ಕಮಾರೊ ಜೀ-28 ಕಾರಿನ 302 ಎಂಜಿನ್ನು.

ಇನ್ನು ಜರ್ನಲುಗಳ ದಪ್ಪದ ವಿಚಾರ. ಮೊದಲ ತಲೆಮಾರಿನ ದಂಡಗಳ ಮುಖ್ಯ ಜರ್ನಲು 2.30 ಅಂಗುಲ. 350ರೊಡನೆ ಬಂದ 2.45 ಅಂಗುಲದ ಜರ್ನಲು 1968ರಿಂದ 302 ಮತ್ತು 327ಕ್ಕೂ ಹರಡಿತು. ಆದ್ದರಿಂದ ‘ಇದು 327ರ ದಂಡ’ ಎಂದರೆ ಮಾತು ಅರ್ಧವಾಯಿತು. ಯಾವ ವರ್ಷದ್ದು ಎಂದು ಕೇಳಲೇಬೇಕು. ತೆಳು ಜರ್ನಲಿನ ದಂಡವನ್ನು ವಿಶೇಷ ದಪ್ಪದ ಬೇರಿಂಗುಗಳ ನೆರವಿನಿಂದ ಹೊಸ ಬ್ಲಾಕಿನಲ್ಲಿ ಕೂರಿಸಬಹುದು. ದಪ್ಪನೆಯದು ಹಳೆಯ ಬ್ಲಾಕಿನೊಳಕ್ಕೆ ಹಾಗೆಯೇ ಇಳಿಯದು. 400ರ ಜರ್ನಲಂತೂ ಇನ್ನೂ ದಪ್ಪ, 2.65 ಅಂಗುಲ. ಅದರ ದಂಡದ ಜರ್ನಲನ್ನು 2.45ಕ್ಕೆ ಅರೆದು, 350ರ ಬ್ಲಾಕಿನ ಸಿಲಿಂಡರನ್ನು 4.03 ಅಂಗುಲಕ್ಕೆ ಕೊರೆದು, 383 ಘನ ಅಂಗುಲದ ಎಂಜಿನ್ನು ಮಾಡಿಕೊಳ್ಳುವ ಹವ್ಯಾಸಿಗಳು ಹಲವರು. ಆದರೆ ಸ್ಟ್ರೋಕು 3.75 ಅಂಗುಲಕ್ಕೆ ಬೆಳೆಯುವುದರಿಂದ ಸಂಪರ್ಕದಂಡದ ಬೋಲ್ಟುಗಳು ಬ್ಲಾಕಿನ ಅಂಚಿಗೆ ತಾಗುತ್ತವೆ. ಅಲ್ಲಿಯೂ ಲೋಹವನ್ನು ಅಷ್ಟಿಷ್ಟು ಕೆರೆಯಬೇಕಾಗುತ್ತದೆ.

ಹಾಗಾದರೆ ರಾಶಿಯಲ್ಲಿ ಬಿದ್ದ ದಂಡವನ್ನು ಗುರುತಿಸುವುದು ಹೇಗೆ? ಎರಕ ಹೊಯ್ಯುವಾಗಲೇ ಅದರ ಮೈಮೇಲೆ ಅಂಕಿಗಳು ಮೂಡಿರುತ್ತವೆ. 3932442 ಎಂದಿದ್ದರೆ ಅದು 350ರ ಎರಕದ ದಂಡ. ಬ್ಲಾಕಿಗೂ ಇಂಥ ಅಂಕಿಯುಂಟು. ಹಿಂಬದಿಯ ಚಾಚಿನ ಮೇಲೆ, ಅಮೆರಿಕದ ಚಾಲಕನು ಕುಳಿತುಕೊಳ್ಳುವ ಎಡಮಗ್ಗುಲಿನಲ್ಲಿ ಅದನ್ನು ಹುಡುಕಬೇಕು. ಅಂಕಿ ಸಿಕ್ಕಿತೆಂದು ಹಿಗ್ಗುವಂತಿಲ್ಲ. 3970010 ಎಂಬ ಅಂಕಿಯುಳ್ಳ ಬ್ಲಾಕು 350ಕ್ಕೂ ಸಂದಿದೆ, 1969ರ 302ಕ್ಕೂ ಸಂದಿದೆ. ಮುಂಭಾಗದ ಬಲಬದಿಯಲ್ಲಿ ಒತ್ತಿದ ಅಕ್ಷರಗಳನ್ನೂ ಜೊತೆಗಿಟ್ಟು ಓದಬೇಕು. ಅಷ್ಟರ ಮೇಲೂ, ನನ್ನ ಮಟ್ಟಿಗೆ, ಅಂಕಿಯು ಒಂದು ಹೇಳಿಕೆ ಮಾತ್ರ, ಸಾಕ್ಷಿಯೆಂದರೆ ಅಳತೆ.

ಸ್ಟ್ರೋಕನ್ನು ಅಳೆಯುವುದು ಕಷ್ಟವಲ್ಲ. ದಂಡವನ್ನು ಮುಖ್ಯ ಜರ್ನಲುಗಳ ಮೇಲೆ ಸಮತಲವಾಗಿ ನಿಲ್ಲಿಸಿ ಮೆಲ್ಲಗೆ ತಿರುಗಿಸಬೇಕು. ಪಕ್ಕಕ್ಕೆ ಸರಿದ ಜರ್ನಲೊಂದರ ಮೇಲ್ಮೈ ಅತಿ ಎತ್ತರಕ್ಕೆ ಬಂದಾಗ ಒಮ್ಮೆ, ಅತಿ ಕೆಳಕ್ಕೆ ಇಳಿದಾಗ ಒಮ್ಮೆ ಎತ್ತರವನ್ನು ಅಳೆದರೆ, ಅವೆರಡರ ಅಂತರವೇ ಸ್ಟ್ರೋಕು. ಜರ್ನಲಿನ ದಪ್ಪಕ್ಕೆ ಮೈಕ್ರೋಮೀಟರು ಬೇಕು. ಅದು 2.44 ಎಂದು ತೋರಿಸಿದರೆ ಗಾಬರಿಯಾಗಬೇಕಾದ್ದಿಲ್ಲ; ಸವೆದ ಜರ್ನಲನ್ನು ಹಿಂದೆ ಯಾರೋ 0.01 ಅಂಗುಲ ಅರೆದು ನಯಗೊಳಿಸಿದ್ದಾರೆ ಎಂದರ್ಥ. ಅದಕ್ಕೆ ಅಷ್ಟೇ ದಪ್ಪ ಹೆಚ್ಚಿಸಿದ ಬೇರಿಂಗು ಹಾಕಬೇಕು.

ದಂಡವು ಎರಕದ್ದೋ, ಬಡಿದು ರೂಪಿಸಿದ ಉಕ್ಕಿನದೋ ಎಂಬುದನ್ನು ಅದರ ಮೈಯ ಗೆರೆ ಹೇಳುತ್ತದೆ. ಎರಕದ ದಂಡದಲ್ಲಿ ಅಚ್ಚಿನ ಎರಡು ಹೋಳುಗಳು ಕೂಡಿದ ಗೆರೆ ಸಪೂರವಾಗಿರುತ್ತದೆ. ಬಡಿದ ದಂಡದಲ್ಲಿ ಅದು ಅಗಲವಾದ ಪಟ್ಟಿಯಂತಿರುತ್ತದೆ. ತೂಗುಹಾಕಿ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರೆ ಬಡಿದ ಉಕ್ಕು ಗಂಟೆಯಂತೆ ನಾದ ಹೊರಡಿಸುತ್ತದೆ, ಎರಕವು ಮೊದ್ದಾಗಿ ಸದ್ದು ಮಾಡಿ ಸುಮ್ಮನಾಗುತ್ತದೆ. ಸಂತೆಯಲ್ಲಿ ಗಡಿಗೆಯನ್ನು ತಟ್ಟಿ ನೋಡಿ ಕೊಳ್ಳುತ್ತಿದ್ದ ನಮ್ಮ ಅಜ್ಜಿಯರಿಗೆ ಈ ಪರೀಕ್ಷೆ ಹೊಸದೆನಿಸುತ್ತಿರಲಿಲ್ಲ.

ದಪ್ಪ, ಸ್ಟ್ರೋಕು ಎರಡೂ ಹೊಂದಿದವೆಂದು ಕೆಲಸ ಮುಗಿಯದು. ಎಣ್ಣೆ ಸೋರದಂತೆ ದಂಡದ ಹಿಂತುದಿಯನ್ನು ಬಿಗಿಯುವ ಸೀಲು 1985ರವರೆಗೆ ಎರಡು ಹೋಳಿನದು, 1986ರಿಂದ ಒಂದೇ ಬಳೆ. ತೂಕದ ಸಮತೋಲವೂ ಬೇರೆಬೇರೆ. 400ರ ದಂಡದಲ್ಲಿ ಸಮತೋಲಕ್ಕೆ ಬೇಕಾದ ತೂಕದ ಒಂದು ಪಾಲನ್ನು ಮುಂದಿನ ಗಾಲಿಯಲ್ಲಿಯೂ ಹಿಂದಿನ ಜಡಚಕ್ರದಲ್ಲಿಯೂ ಇರಿಸಿದ್ದಾರೆ. ಅವುಗಳ ಬದಲು 350ರವನ್ನು ತೊಡಿಸಿದರೆ ಎಂಜಿನ್ನು ನಡುಗಿ ನಡುಗಿ ತನ್ನ ಬೇರಿಂಗುಗಳನ್ನು ತಾನೇ ಜಜ್ಜಿಕೊಳ್ಳುತ್ತದೆ.

ಎಲ್ಲಕ್ಕಿಂತ ಕೇಡು ಮಾಡುವುದು ಪಿಸ್ಟನ್ನಿನ ತಪ್ಪು. ದಂಡದ ನಡುಗೆರೆಯಿಂದ ಬ್ಲಾಕಿನ ಮೇಲಂಚಿಗೆ 9.025 ಅಂಗುಲ. 350ರ ಅರ್ಧ ಸ್ಟ್ರೋಕು 1.74, ಸಂಪರ್ಕದಂಡ 5.7, ಪಿಸ್ಟನ್ನಿನ ಕೀಲಿನಿಂದ ತಲೆಯವರೆಗೆ 1.56, ಒಟ್ಟು 9.00, ಪಿಸ್ಟನ್ನು ಅಂಚಿನೊಳಗೇ ನಿಲ್ಲುತ್ತದೆ. ಅಲ್ಲಿ 302ರ ಪಿಸ್ಟನ್ನನ್ನು ಇಟ್ಟರೋ, ಅದರ ಕೀಲಿನಿಂದ ತಲೆಗೆ 1.80, ಒಟ್ಟು 9.24. ಪಿಸ್ಟನ್ನು ಐದು ಮಿಲಿಮೀಟರಿಗೂ ಹೆಚ್ಚು ಮೇಲೆ ಚಾಚಿ ಸಿಲಿಂಡರಿನ ಮುಚ್ಚಳಕ್ಕೆ ಬಡಿಯುತ್ತದೆ. ಅದಕ್ಕಾಗಿಯೇ ಅನುಭವಸ್ಥನಾದ ಮೇಸ್ತ್ರಿಯು ಎಲ್ಲವನ್ನೂ ಜೋಡಿಸಿದ ಮೇಲೆ ಒಡನೆಯೇ ಕಿಡಿ ಕೊಡುವುದಿಲ್ಲ. ಉದ್ದ ಹಿಡಿಯ ಸ್ಪ್ಯಾನರು ಹಾಕಿ, ಕಿವಿಗೊಟ್ಟು, ದಂಡವನ್ನು ಎರಡು ಪೂರ್ಣ ಸುತ್ತು ಕೈಯಿಂದಲೇ ತಿರುಗಿಸುತ್ತಾನೆ. ಎಲ್ಲಿಯಾದರೂ ತಡೆ ಕಂಡರೆ ಬಲ ಹಾಕದೆ ನಿಲ್ಲಿಸಿ, ಎಂಜಿನ್ನನ್ನು ಮತ್ತೆ ಬಿಚ್ಚುತ್ತಾನೆ.